ಪೆಟ್ಟಿಗೆಯ ಮೇಲಿನ ಉಪ್ಪು

ರಾಗಿ ಕುಯಿಲಿನ ಕಾಲ. ಬೆಳಗಿನ ಏಳಾದರೂ ಮದ್ದೂರಿನ ಮೇಲಿನ ಮಂಜು ಹರಿದಿರಲಿಲ್ಲ. 1974ರ ಡಿಸೆಂಬರ್ 2, ಸೋಮವಾರ. ಪೊಲೀಸ್ ಠಾಣೆಯ ಬಾಗಿಲಲ್ಲಿ ಪಹರೆಗಿದ್ದ ಹಳೆಯ ಪೇದೆ ದೊಡ್ಡಸಿದ್ದಯ್ಯನ ಮುಂದೆ ಹೈಸ್ಕೂಲಿನ ಪಾರ್ಥಸಾರಥಿ ಮೇಷ್ಟ್ರು ಬರಿಗಾಲಲ್ಲಿ ಓಡಿಬಂದು ನಿಂತರು.

"ನನ್ನ ಕೋಟು ಕಳುವಾಗಿದೆ."

"ಒಂದು ಕೋಟಿಗೆ ಇಷ್ಟು ಗಾಬರಿಯೇ?" ಎಂದರು ಒಳಗಿದ್ದ ಸಬ್ ಇನ್ಸ್‌ಪೆಕ್ಟರ್ ವೆಂಕಟರಾಮಯ್ಯ.

ಮೇಷ್ಟ್ರು ಹನ್ನೆರಡು ವರ್ಷದಿಂದ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳನ್ನು ಎಣಿಸುತ್ತಿದ್ದವರು. ಅಲ್ಲಿಗೆ ಬಂದಿದ್ದ ಪರದೇಶದವನೊಬ್ಬ ಅವರನ್ನು ದಕ್ಷಿಣದ ಹಿಮಖಂಡಕ್ಕೆ ಹೋಗುವ ಪ್ರವಾಸಿ ಹಡಗಿಗೆ ಕರೆದಿದ್ದ. ದಪ್ಪನೆಯ ಕೆಂಪು ಕೋಟನ್ನೂ ಅವನೇ ಕಳಿಸಿದ್ದ. ಅದಿಲ್ಲದೆ ಬಂದರೆ ಹಡಗು ಹತ್ತಿಸುವುದಿಲ್ಲವೆಂದು ಕಾಗದದಲ್ಲಿ ಬರೆದಿತ್ತು. ಬುಧವಾರ ಬೆಳಿಗ್ಗೆ ರೈಲು, ಶುಕ್ರವಾರ ಬೊಂಬಾಯಿಯಲ್ಲಿ ವಿಮಾನ.

7.40ಕ್ಕೆ ಎಫ್.ಐ.ಆರ್. ಆಯಿತು. ಒಂಬತ್ತಕ್ಕೆ ಮೇಷ್ಟ್ರ ಮನೆಯಲ್ಲಿ ಪಂಚನಾಮೆ. ಭಾನುವಾರ ಸಂಜೆ ಮೇಷ್ಟ್ರೂ ಅವರ ತಾಯಿಯೂ ನರಸಿಂಹಸ್ವಾಮಿ ಗುಡಿಗೆ ಹೋಗಿದ್ದಾಗ ಯಾರೋ ಹಿತ್ತಿಲ ಚಿಲಕ ಎತ್ತಿದ್ದರು. ಕೋಟಿದ್ದ ಕರಿ ಪೆಟ್ಟಿಗೆಯ ಮೇಲೆ ಬೆಳ್ಳನೆಯ ಅಂಗೈ ಗುರುತು.

"ಬಿಸಿಲಿಗೆ ಹಾಕಿದ್ದಾಗ ಬೀದಿಯೆಲ್ಲ ನೋಡಿತು" ಎಂದರು ಮೇಷ್ಟ್ರ ತಾಯಿ ರಂಗನಾಯಕಮ್ಮ. "ಕರಡಿ ತೊಗಲಿನ ಹಾಗಿತ್ತು. ಹೋದದ್ದೇ ಕ್ಷೇಮ."

"ನೀವೇ ಬಚ್ಚಿಟ್ಟಿರೇನಮ್ಮ?" ಎಂದರು ಸಬ್ ಇನ್ಸ್‌ಪೆಕ್ಟರ್ ಸಾಹೇಬರು.

"ಬಚ್ಚಿಡೋಳಾಗಿದ್ರೆ ಅದಕ್ಕೂ ಮಗನಿಗೂ ಉಪ್ಪು ಮೆಣಸಿನಕಾಯಿ ನೀವಾಳಿಸ್ತಿದ್ನೇ?"

"ಹಾಗಾದರೆ ಈ ಗುರುತು ದೃಷ್ಟಿ ತೆಗೆದ ಉಪ್ಪಿನದೇ" ಎಂದು ಸಾಹೇಬರು ಬರೆಸಹೊರಟರು.

ದೊಡ್ಡಸಿದ್ದಯ್ಯ ಬೆರಳಿಗೆ ಹತ್ತಿಸಿ ನಾಲಿಗೆಗಿಟ್ಟಿದ್ದ. "ಉಪ್ಪೇನೋ ದಿಟ ಸಾರ್. ಆದ್ರೆ ನೀವಾಳಿಸಿದ್ದು ಅರಳುಪ್ಪು, ಒಲೆಗೆ ಓಯ್ತದೆ. ಇದು ಒದ್ದೆ ಕೈ ಒಣಗಿರೋದು."

ಉಪ್ಪುನೀರಲ್ಲಿ ಕೈಯಿಡುವವರು ಯಾರು? ತೊಗಲು ಹದಮಾಡುವವರಾಗಿದ್ದರೆ ವಾಸನೆ ಉಳಿಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಶಿಂಷಾ ಹೊಳೆಯಲ್ಲಿ ಸಿಕ್ಕ ಹೆಣವೊಂದು ಕೆಡದಿರಲೆಂದು ಐಸು ತರಲು ಕಾರ್ಖಾನೆಗೆ ಹೋದದ್ದು ಅವನಿಗೆ ನೆನಪಾಯಿತು. ಐಸು ಕಟ್ಟಿಸುವ ಡಬ್ಬಗಳು ಅಲ್ಲಿ ಉಪ್ಪುನೀರಿನ ತೊಟ್ಟಿಯಲ್ಲೇ ಮುಳುಗಿದ್ದವು. ಮೇಷ್ಟ್ರ ಬೀದಿಯ ಸೋಡಾ ಅಂಗಡಿಗೆ ಐಸು ತರುವವನು ಆ ಕಾರ್ಖಾನೆಯ ಆಳು ಬೋರಯ್ಯ.

12.20. ರೈಲ್ವೆ ಗೇಟಿನಾಚೆಯ ಐಸ್ ಕಾರ್ಖಾನೆ. ಬೋರಯ್ಯ ಗೋಣಿ ಹೊದ್ದು ಗಡ್ಡೆ ಎಳೆಯುತ್ತಿದ್ದ. ಗೋಣಿಯಡಿ ಕೆಂಪು ತೋಳು ಇಣುಕುತ್ತಿತ್ತು. ಖಾಕಿ ಕಂಡದ್ದೇ ಕೈಲಿದ್ದ ಕಬ್ಬಿಣದ ಕೊಕ್ಕೆ ಮೇಲೆದ್ದಿತು. ಸಾಹೇಬರು ಅಲ್ಲೇ ನಿಂತರು.

"ಕೆಳಗಾಕ್ಲಾ ಬೋರ" ಎಂದ ದೊಡ್ಡಸಿದ್ದಯ್ಯ, ಒಂದು ಹೆಜ್ಜೆ ಮುಂದಿಟ್ಟು. "ಇಲ್ಲೀಗಂಟ ಬರೀ ಕೋಟಿನ ಕೇಸು. ರಕ್ತದ್ದು ಮಾಡ್ಕಬ್ಯಾಡ."

ಕೊಕ್ಕೆ ನೆಲಕ್ಕೆ ಬಿತ್ತು.

"ಮಾರಕ್ಕೆ ಕದ್ಯಾ?"

"ಇಲ್ಲ ಸ್ವಾಮಿ. ಆಕ್ಕೊಳಕ್ಕೆ." ಅಂಗೈ ಚಾಚಿದ. ಒಡೆದ ಚರ್ಮದೊಳಗೆ ಉಪ್ಪು ಕೂತಿತ್ತು. ಎರಡು ಉಗುರು ಇರಲಿಲ್ಲ. "ಮೇಷ್ಟ್ರು ಒಂದ್ ತಿಂಗ್ಳು ಐಸು ನೋಡ್ಕಂಡು ಬತ್ತಾರಂತೆ. ನಾನು ಅನ್ನೊಂದು ವರ್ಸದಿಂದ ಅದ್ರೊಳಗೇ ಇವ್ನಿ."

ಕೋಟು ಸಿಕ್ಕಿದರೂ ಅದೀಗ ಕೇಸಿನ ಸಾಕ್ಷಿ, ಮುದ್ದೆಮಾಲು. ಕೋರ್ಟು ಹೇಳದೆ ಕೊಡುವಂತಿಲ್ಲ. ಮಂಗಳವಾರವಿಡೀ ಮೇಷ್ಟ್ರು ಕೋರ್ಟಿನ ಜಗಲಿಯಲ್ಲಿ ಕೂತರು. ಸಂಜೆ ಐದಕ್ಕೆ ಹತ್ತು ನಿಮಿಷವಿದ್ದಾಗ ಆಜ್ಞೆಯಾಯಿತು: ಕೋಟನ್ನು ಫಿರ್ಯಾದಿಗೆ ಕೊಡಬಹುದು; ಕರೆದಾಗ ತಂದು ಹಾಜರುಪಡಿಸತಕ್ಕದ್ದು.

"ಹಿಮದಿಂದ ಹೇಗೆ ತರಲಿ?" ಎಂದರು ಮೇಷ್ಟ್ರು.

"ಮೊದ್ಲು ಓಗ್ಬುಟ್ಟು ಬನ್ನಿ ಬುದ್ಧಿ" ಎಂದ ದೊಡ್ಡಸಿದ್ದಯ್ಯ. "ಕೋರ್ಟು ಅಷ್ಟು ಬಿರ್‍ರನೆ ಕರೆಯಾಕಿಲ್ಲ."

ಬುಧವಾರ ಬೆಳಿಗ್ಗೆ ರೈಲ್ವೆ ಸ್ಟೇಷನ್ನಿಗೆ ರಂಗನಾಯಕಮ್ಮ ಒಂದು ಗಿಂಡಿ ಹರಳೆಣ್ಣೆ ತಂದರು. ಮಗನಿಗಲ್ಲ. ಬೇಡಿ ತೊಡಿಸಿದ ಬೋರಯ್ಯನೊಡನೆ ದೊಡ್ಡಸಿದ್ದಯ್ಯನೂ ಅಲ್ಲೇ ರೈಲಿಗೆ ಕಾದಿದ್ದ. "ಆ ಕೈಗೆ ಹಚ್ಚಪ್ಪ" ಎಂದು ಪೇದೆಯ ಕೈಗಿತ್ತರು. ದೊಡ್ಡಸಿದ್ದಯ್ಯ ಬೋರಯ್ಯನ ಬೇಡಿ ಬಿಚ್ಚಿ, ಬೆರಳು ಬೆರಳಿಗೂ ಹಚ್ಚಿ, ಮತ್ತೆ ತೊಡಿಸಿದ.

ಮೇಷ್ಟ್ರು ಕೆಂಪು ಕೋಟು ಹೆಗಲಿಗೆ ಹಾಕಿಕೊಂಡು ಬೆಂಗಳೂರಿನ ರೈಲು ಹತ್ತಿದರು. ಅದೇ ಬುಧವಾರ, ಎದುರಿನಿಂದ ಬಂದ ರೈಲಿನಲ್ಲಿ, ಬೋರಯ್ಯ ಮಂಡ್ಯದ ಜೈಲಿಗೆ ಹೋದ.