ಗುಣದೋಷದ ಓಲಗ

ವಿಜಯದಶಮಿ ಕಳೆದಿದ್ದರೂ ಕೆಂಬೊಳಲು ಪಟ್ಟಣದ ಮಹಾದ್ವಾರಕ್ಕೆ ಕಟ್ಟಿದ ಮಾವಿನ ತೋರಣವನ್ನು ಬಿಚ್ಚುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಕೆಂಗಲ್ಲಿನ ಕೋಟೆಯ ಮೇಲೆ ಧ್ವಜಗಳು ಹಾರಾಡುತ್ತಿದ್ದವು; ಹೂವಿನ ಪೇಟೆಯಲ್ಲಿ ಸೇವಂತಿಗೆ ರಾಶಿ ಬಿದ್ದಿತ್ತು; ಕಂಚುಗಾರರ ಬೀದಿಯ ಠಣತ್ಕಾರ ಅರಮನೆಯ ಮೊಗಸಾಲೆಯವರೆಗೂ ಕೇಳುತ್ತಿತ್ತು. ಇಷ್ಟೆಲ್ಲ ವೈಭವದ ನಡುವೆ ಜನ ಮಾತ್ರ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನದಿಯ ಆಚೆ ದಡದಲ್ಲಿ ಶತ್ರುವಿನ ಪಾಳೆಯ ಬಿದ್ದಿತ್ತು. ಈಚೆ ದಡದಲ್ಲಿ ಯಾರು ನಮ್ಮವರು, ಯಾರು ಅವರ ಕಡೆಯವರು ಎಂಬುದೇ ತಿಳಿಯದಾಗಿತ್ತು. ನೆರೆಮನೆಯವನು ಕೆಮ್ಮಿದರೂ ಅದೇನಾದರೂ ಸಂಕೇತವೇ ಎಂದು ಕಿವಿ ನಿಮಿರಿಸುವ ಕಾಲ ಅದು, ನೋಡಿ!

ಅಂಥ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ಕಣ್ಣುಗಳು ನೆಟ್ಟಿದ್ದುದು ಮಹಾಮಾತ್ಯ ತಿಪ್ಪರಸರ ಮೇಲೆ. ಆ ರಾಜ್ಯದಲ್ಲಿ ದಸರೆಯ ನಂತರ ‘ಗುಣದೋಷದ ಓಲಗ’ ಎಂಬ ಸಭೆ ನಡೆಯುತ್ತಿತ್ತು. ಅಮಾತ್ಯನಾದವನು ಅರಸನ ಸಮ್ಮುಖದಲ್ಲಿ ಒಬ್ಬೊಬ್ಬ ಅಧಿಕಾರಿಯನ್ನೂ ಹೆಸರು ಹಿಡಿದು ಕರೆದು, ಆ ವರ್ಷ ಅವನು ಮಾಡಿದ ಒಳ್ಳೆಯದನ್ನೂ ಎಡವಿದ್ದನ್ನೂ ಹೇಳಬೇಕು. ಹಿಂದಿನ ಅಮಾತ್ಯರು ಎಲ್ಲರನ್ನೂ ಒಂದೇ ಗಂಟಲಿನಲ್ಲಿ ಬೈಯುತ್ತಿದ್ದರು. ಅದರಿಂದ ಆದದ್ದೇನು? ದಂಡನಾಯಕ ಕೇತಮಲ್ಲನ ಅಣ್ಣ ಆ ಅವಮಾನವನ್ನು ತಾಳಲಾರದೆ, ಕತ್ತಿಯನ್ನು ನೆಲಕ್ಕೆ ಬಿಸುಟು, ತನ್ನ ಕುದುರೆಪಡೆಯನ್ನೇ ಕಟ್ಟಿಕೊಂಡು ಹೊಳೆ ದಾಟಿ ಶತ್ರುವನ್ನು ಸೇರಿಬಿಟ್ಟಿದ್ದ.

ಅದನ್ನು ಕಣ್ಣಾರೆ ಕಂಡಿದ್ದ ತಿಪ್ಪರಸರು ಸಂಪ್ರದಾಯವನ್ನು ಮುರಿಯದೆಯೇ ಬಾಗಿಸಿದರು. ಕೋಟೆಯ ಕಟ್ಟಡ ನೋಡಿಕೊಳ್ಳುವ ಸಾವಂತನಿಗೆ ನಯವಾಗಿ ಹೇಳಿದ್ದು ತಲೆಗೇ ಹೋಗದು. ಅವನನ್ನು ನಾಲ್ವರೆದುರು ಗದರಬೇಕು, ಆಗಲೇ ಅವನಿಗೂ ಸಮಾಧಾನ. ಭಂಡಾರದ ಪೋಚಿಮಯ್ಯನದು ಪುಕ್ಕಲು ಜೀವ. ಮೊದಲು ಬೆನ್ನು ತಟ್ಟಿ, ಆಮೇಲೆ ಏನೋ ಸಂದೇಹ ಕೇಳಿದಂತೆ ಮಾಡಿ, ತಪ್ಪನ್ನು ಅವನ ಬಾಯಿಂದಲೇ ಹೊರಡಿಸಬೇಕು. ಕೇತಮಲ್ಲನೋ, ಮೂಗಿನ ತುದಿಯಲ್ಲೇ ಅಭಿಮಾನ ಇಟ್ಟುಕೊಂಡವನು. ಅವನಿಗೆ ಏಕಾಂತದಲ್ಲಿ ಒಂದೇ ಮಾತು ಹೇಳಿ ಸುಮ್ಮನಾಗಬೇಕು.

ಈ ವರ್ಷ ಹೇಳಬೇಕಾದ ಮಾತು ಸಣ್ಣದಾಗಿರಲಿಲ್ಲ. ಆಯುಧಪೂಜೆಯ ಮೆರವಣಿಗೆ ಭರ್ಜರಿಯಾಗಿ ಕಾಣಲೆಂದು ಕೇತಮಲ್ಲ ನದಿಯ ಕಡವನ್ನು ಕಾಯುವ ಭಟರನ್ನೂ ಪಟ್ಟಣಕ್ಕೆ ಕರೆಸಿಬಿಟ್ಟಿದ್ದ. ದೋಣಿಯಿಲ್ಲದೆ ಹೊಳೆ ದಾಟಬಹುದಾದ ಜಾಗ ಅದೊಂದೇ. ಅದು ಹಗಲೆಲ್ಲ ಬರಿದಾಗಿತ್ತು. ಮರುದಿನ ಬೆಳಿಗ್ಗೆ ಗಜಶಾಲೆಯಲ್ಲಿ ತಿಪ್ಪರಸರು ಅವನ ಪಕ್ಕಕ್ಕೆ ಬಂದು ನಿಂತರು.

“ಮೆರವಣಿಗೆ ಸೊಗಸಾಗಿತ್ತು, ದಂಡನಾಯಕರೇ. ಕಡವಿನಲ್ಲಿ ಯಾರಿದ್ದರು?”

ಕೇತಮಲ್ಲನ ಮುಖ ಕೆಂಪೇರಿತು. ಕುದುರೆ ಹತ್ತಿ ಹೊರಟವನು ಸಂಜೆಯೊಳಗೆ ಕಾವಲನ್ನು ಇಮ್ಮಡಿ ಮಾಡಿದ್ದ.

ಇದನ್ನು ದೂರದಿಂದ ಕಂಡವನೊಬ್ಬನಿದ್ದ: ಅರಸನ ಓಲೆಗಳನ್ನು ಬರೆಯುವ ಮಾಯಿದೇವ. ತನ್ನ ಭಾವಮೈದುನನಿಗೆ ದಂಡನಾಯಕನ ಪಟ್ಟ ಕಟ್ಟಿಸಬೇಕೆಂದು ಹಗಲಿರುಳು ಹವಣಿಸುತ್ತಿದ್ದ ಮಹಾನುಭಾವ! ಈಚೆಗಷ್ಟೇ ಪಟ್ಟವೇರಿದ್ದ ಅರಸ ಬಲ್ಲರಸನ ಕಿವಿಯೂದಿದವನು ಅವನೇ. “ಪ್ರಭು, ಸಾವಂತನನ್ನು ಊರೆಲ್ಲ ಕೇಳುವಂತೆ ಗದರುವ ಅಮಾತ್ಯರು ದಂಡನಾಯಕರೊಡನೆ ಮಾತ್ರ ಪಿಸುಗುಟ್ಟುವುದೇಕೆ? ಕಡವು ಬರಿದಾಗಿದ್ದ ಸಂಗತಿಯನ್ನು ತಮ್ಮಿಂದ ಬಚ್ಚಿಟ್ಟದ್ದೇಕೆ? ದಂಡನಾಯಕರ ಅಣ್ಣ ಇರುವುದು ಎಲ್ಲಿ, ಸ್ಮರಿಸಿಕೊಳ್ಳಬೇಕು.”

ಅಂದಿನಿಂದ ತಿಪ್ಪರಸರ ಸುತ್ತ ಗಾಳಿಯೇ ಬೇರೆಯಾಯಿತು. ಅವರು ಮೊಗಸಾಲೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಬಹುಕಾಲದ ಪಲ್ಲಕ್ಕಿಯವರು ಹೋಗಿ ಗುರುತಿಲ್ಲದವರು ಬಂದರು. ಪೋಚಿಮಯ್ಯನಂತೂ ಅವರನ್ನು ಕಂಡೊಡನೆ ಎದ್ದುಬಿದ್ದು ಕಂಬದ ಮರೆಗೆ ಸರಿಯುತ್ತಿದ್ದ. ಅರಸನ ಕಿವಿಗೆ ಬಿದ್ದದ್ದು ಯಾರ ಮಾತು, ಯಾವ ಮಾತು ಎಂದು ತಿಳಿಯದೆ ತಿಪ್ಪರಸರೂ ಎಲ್ಲರನ್ನೂ ಅನುಮಾನಿಸತೊಡಗಿದರು. ಛೇ, ಒಮ್ಮೆ ಕೇತಮಲ್ಲನನ್ನೂ ಅನುಮಾನಿಸಿದರು.

ಓಲಗದ ಹಿಂದಿನ ದಿನ ಅರಸನ ಕರೆ ಬಂತು.

“ಅಮಾತ್ಯರೇ, ನಾಳೆ ಕೇತಮಲ್ಲನ ದೋಷವನ್ನು ಸಭೆಯಲ್ಲಿ ಅವನ ಮುಖಕ್ಕೇ ಹೇಳಬೇಕು. ಮುಚ್ಚಿಟ್ಟರೆ ನೀವಿಬ್ಬರೂ ಒಂದೇ ಸಂಚಿನವರೆಂದು ತಿಳಿಯುತ್ತೇವೆ. ಅದಕ್ಕೆ ದಂಡನೆ ಏನೆಂದು ನಿಮಗೆ ಗೊತ್ತು.”

“ಪ್ರಭು, ಅವನ ಸ್ವಭಾವ…”

“ನಮಗೆ ಸ್ವಭಾವ ಬೇಡ. ಸತ್ಯ ಬೇಕು.”

ಅರಸನ ಹಿಂದೆ ಮಾಯಿದೇವ ತಲೆ ತಗ್ಗಿಸಿ ನಿಂತಿದ್ದ. ತಿಪ್ಪರಸರು ಎರಡೂ ದಾರಿಗಳನ್ನು ಮನಸ್ಸಿನಲ್ಲೇ ತೂಗಿದರು. ಹೇಳಿದರೆ ಕೇತಮಲ್ಲ ಅಣ್ಣನ ದಾರಿ ಹಿಡಿಯುತ್ತಾನೆ. ಅವನ ಹಿಂದೆ ಸೇನೆ, ಸೇನೆಯ ಹಿಂದೆ ಕಡವು, ಕಡವಿನ ಹಿಂದೆ ಈ ಪಟ್ಟಣ. ಹೇಳದಿದ್ದರೆ ಇಬ್ಬರ ತಲೆಯೂ ಉರುಳುತ್ತದೆ.

ಓಲಗ ತುಂಬಿತು. “ಸಾವಂತಾ! ಈಶಾನ್ಯದ ಬುರುಜಿನ ಗಾರೆ ಉಗುರಿಗೆ ಕಿತ್ತು ಬರುತ್ತದಲ್ಲಯ್ಯ, ಕೋಟೆ ಕಟ್ಟಿದೆಯೋ ಮಕ್ಕಳಾಟ ಆಡಿದೆಯೋ?” ಎಂದು ತಿಪ್ಪರಸರು ಗುಡುಗಿದರು. “ಬುದ್ಧೀ, ನಾಳೆಯೇ ಕಿತ್ತು ಕಟ್ಟಿಸುತ್ತೇನೆ” ಎಂದು ಸಾವಂತ ಹಲ್ಲು ಕಿರಿದ. ಪೋಚಿಮಯ್ಯನ ಸರದಿ ನಯವಾಗಿ ಮುಗಿಯಿತು.

“ದಂಡನಾಯಕ ಕೇತಮಲ್ಲರು.”

ತಿಪ್ಪರಸರು ಒಮ್ಮೆ ಅವನ ಮುಖ ನೋಡಿದರು.

“ಪ್ರಭು, ಆಯುಧಪೂಜೆಯಂದು ಕಡವಿನ ಕಾವಲು ತೆಗೆದದ್ದು ಮಹಾಪರಾಧ. ಆದರೆ ಅದು ದಂಡನಾಯಕರದಲ್ಲ. ಆ ಆಜ್ಞೆ ನನ್ನದು.”

“ತಾವೇ ಒಪ್ಪಿಕೊಂಡರು! ರಾಜದ್ರೋಹ!” ಎಂದು ಮಾಯಿದೇವ ಚೀರಿದ. ಭಟರು ತಿಪ್ಪರಸರ ತೋಳು ಹಿಡಿದರು.

ಕೇತಮಲ್ಲ ಎದ್ದ. ಅವನ ಕತ್ತಿ ಒರೆಯಿಂದ ಹೊರಬಂದಾಗ ಅಂಗರಕ್ಷಕರು ಅರಸನಿಗೆ ಅಡ್ಡ ನಿಂತರು. ಅವನು ಅದನ್ನು ಸಿಂಹಾಸನದ ಮೆಟ್ಟಿಲ ಮೇಲೆ ಇಟ್ಟು ಮೊಣಕಾಲೂರಿದ.

“ಅಮಾತ್ಯರು ಸುಳ್ಳಾಡುತ್ತಿದ್ದಾರೆ, ಪ್ರಭು. ತಪ್ಪು ನನ್ನದು. ಮೆರವಣಿಗೆ ದೊಡ್ಡದಾಗಿ ಕಾಣಲಿ ಎಂಬ ಹುಚ್ಚು ಹೆಮ್ಮೆ ನನ್ನದು. ಅವರು ಏಕಾಂತದಲ್ಲಿ ಒಂದು ಮಾತು ಕೇಳಿದರು, ಅಂದೇ ತಿದ್ದಿಕೊಂಡೆ. ನಮ್ಮಣ್ಣನಿಗೂ ಯಾರಾದರೂ ಹಾಗೆ ಹೇಳಿದ್ದರೆ, ಅವನು ಇಂದು ಈ ಸಾಲಿನಲ್ಲೇ ನಿಂತಿರುತ್ತಿದ್ದ.”

ಈ ಗಂಡು ಸಭೆಯೆದುರಿನ ಮಾತನ್ನು ತಾಳಲಾರನೆಂದು ತಾವು ತಪ್ಪು ತೂಗಿದ್ದು ತಿಪ್ಪರಸರಿಗೆ ಆಗ ಅರಿವಾಯಿತು, ಕಣ್ಣು ತುಂಬಿಬಂತು. ಅರಸ ಸನ್ನೆ ಮಾಡಿದ. ಭಟರು ಕೈ ಬಿಟ್ಟರು.

“ಅಮಾತ್ಯರೇ,” ಎಂದ ಬಲ್ಲರಸ, “ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳಬಲ್ಲಿರಿ. ನಮಗೆ ಮಾತ್ರ ಏನನ್ನೂ ಹೇಳಿಲ್ಲ. ನಮ್ಮಲ್ಲಿ ದೋಷವಿಲ್ಲವೇ?”

ಇದಕ್ಕೆ ಯಾವ ರೀತಿಯನ್ನೂ ತಿಪ್ಪರಸರು ಸಿದ್ಧಮಾಡಿಕೊಂಡಿರಲಿಲ್ಲ. ಅಪ್ಪಣೆಯಾದ ಮೇಲೆ ಹೇಳದೆ ವಿಧಿಯಿಲ್ಲ.

“ಇದೆ, ಪ್ರಭು. ಕಿವಿಗೆ ಹತ್ತಿರ ನಿಂತವನ ಮಾತನ್ನೇ ತಾವು ನಂಬುತ್ತೀರಿ. ಇದನ್ನು ಎಂದೋ ಅರಿಕೆ ಮಾಡಬೇಕಿತ್ತು. ಹೆದರಿದೆ. ಅದು ನನ್ನ ದೋಷ.”

ಅರಸ ತನ್ನ ಪಾದಗಳನ್ನೇ ನೋಡುತ್ತ ಕುಳಿತ. ಮಾಯಿದೇವ ಮೆಲ್ಲನೆ ಸಿಂಹಾಸನದ ಬಳಿಗೆ ಸರಿದು, ಬಾಯಿಗೆ ಕೈ ಅಡ್ಡ ಹಿಡಿದು ಬಾಗಿದ.

ಬಲ್ಲರಸ ತಿರುಗಿ ನೋಡಲಿಲ್ಲ.

“ಗಟ್ಟಿಯಾಗಿ ಹೇಳು, ಮಾಯಿದೇವ. ಎಲ್ಲರಿಗೂ ಕೇಳಲಿ.”

ಮಾಯಿದೇವ ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನು ಇಳಿಸಿ ಹಿಂದಕ್ಕೆ ಸರಿದ.