ಅರಿಶಿನ ತಾಗದ ಪುಟ

ಸತ್ತ ಇಲಿಯೇ ಇರಬೇಕು ಎಂದುಕೊಂಡು ಪರ್ಣಾ ವೇಲನ್ನು ಮೂಗಿಗೆ ಒತ್ತಿ ತಾರಸಿ ಹತ್ತಿದಳು.

ತಾರಸಿಯ ಕೋಣೆಗೆ ಆ ವಾರವಷ್ಟೇ ಬಂದಿದ್ದ ಬಾಡಿಗೆಯವನು ಲುಂಗಿ ಎತ್ತಿ ಕಟ್ಟಿಕೊಂಡು ಬಾಣಲೆಯಲ್ಲಿ ಏನನ್ನೋ ಕೈಯಾಡಿಸುತ್ತಿದ್ದ. ಇವಳನ್ನು ನೋಡಿ ನಕ್ಕ. ಥೂ, ಅಂಥ ನಾತದ ನಡುವೆ ಇಷ್ಟು ಚೆಂದದ ನಗು ಯಾಕಾದರೂ ಇತ್ತೋ!

"ಏನ್ರೀ ಸತ್ತಿದೆ ಇಲ್ಲಿ?"

"ಮೀನು. ಸತ್ತು ಬಹಳ ದಿನ ಆಯ್ತು ಪಾಪ. ಶುಟ್ಕಿ, ನಮ್ಮೂರ ಒಣಮೀನು. ಕೂತ್ಕೊಳ್ಳಿ, ಅನ್ನ ಆಗ್ತಿದೆ."

"ಮನುಷ್ಯರು ತಿನ್ನೋದಾ ಇದು? ನಿಮ್ಮ ಕಡೆಯವರಿಗೆ ಮೂಗೇ ಇಲ್ವಾ?"

ಅವನ ನಗು ಆರಿತು. ಎದ್ದು ಹೋಗಿ ಮೆಲ್ಲನೆ ಕಿಟಕಿ ಮುಚ್ಚಿದ. ಪರ್ಣಾ ದಡದಡ ಇಳಿದು ಬಂದು ಬಚ್ಚಲಲ್ಲಿ ಓಕರಿಸಿದಳು.

ಅವನ ಹೆಸರು ಹಿಮಾದ್ರಿ. ಅಗರ್ತಲಾದವನು, ಬಾಗ್‌ಬಜಾರಿನ ಶಾಲೆಯೊಂದರಲ್ಲಿ ಭೂಗೋಳದ ಮೇಷ್ಟ್ರು. ಹಿರಿಯರು ಪದ್ಮಾ ನದಿಯ ಆಚೆ ದಡದವರು. ಪರ್ಣಾಳ ಮನೆಯೋ ಅಪ್ಪಟ ಈಚೆ ದಡದ್ದು. ಇಲ್ಲಿ ಬೇಳೆಗೂ ಸಕ್ಕರೆ, ಮೀನಿನ ಸಾರಿಗೂ ಸಕ್ಕರೆ; ಒಣಮೀನು ಎಂಬ ಮಾತು ಬಾಯಿಗೆ ಬಂದರೆ ಬಾಯಿ ಮುಕ್ಕಳಿಸಬೇಕು. ಈ ಕಾನೂನೆಲ್ಲ ಪಿಶಿಮಾಳದು, ಅಂದರೆ ಪರ್ಣಾಳ ಸೋದರತ್ತೆಯದು. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿದ ಆಕೆಗೆ ಬೇರೆ ಒಲೆ, ಬೇರೆ ಪಾತ್ರೆ. ಮನೆಯೆಲ್ಲ ನಡೆಯುತ್ತಿದ್ದುದು ಆಕೆಯ ಮೂಗಿನ ಅಪ್ಪಣೆಯಂತೆ.

ತಮಾಷೆ ಎಂದರೆ ಪರ್ಣಾಳ ಅಮ್ಮನೂ ಆಚೆ ದಡದವರ ಮಗಳೇ. ಮದುವೆಯಾಗಿ ಬಂದಾಗ ಟ್ರಂಕಿನಲ್ಲಿ ಮೂರು ಅಡುಗೆ ಪುಸ್ತಕ ತಂದಿದ್ದಳು. ಅಮ್ಮ ತೀರಿಕೊಂಡ ಮೇಲೆ ಅವು ಪರ್ಣಾಳ ಪಾಲಿಗೆ ಬಂದವು. ಪ್ರತಿ ಭಾನುವಾರ ಒಂದು ಪುಟ ತೆಗೆದು ಅದರಲ್ಲಿದ್ದದ್ದನ್ನೇ ಮಾಡುತ್ತಿದ್ದಳು. ವಾರವಿಡೀ ಮಾತಾಡದ ಅಪ್ಪ ಅವತ್ತು ಮಾತ್ರ ಬಾಯಿ ಬಿಡುತ್ತಿದ್ದ. ಬಾಳೆಹೂವಿನ ಪಲ್ಯ ತಿಂದು, ಇದನ್ನ ಮೊದಲ ಸಲ ಮಾಡಿದಾಗ ನಿನ್ನಮ್ಮ ಎರಡು ಸಲ ಉಪ್ಪು ಹಾಕಿ ಅತ್ತಿದ್ದಳು ಅಂದಿದ್ದ. ಹೀಗೆ ಒಂದೊಂದು ಅಡುಗೆಗೂ ಒಂದು ಚೂರು ಅಮ್ಮ ಸಿಗುತ್ತಿದ್ದಳು.

ಪುಟಗಳ ತುಂಬ ಎಣ್ಣೆ, ಅರಿಶಿನದ ಕಲೆ. ಅಂಚಿನಲ್ಲಿ ಅಮ್ಮನ ಪೆನ್ಸಿಲ್ ಅಕ್ಷರ: "ಚಿಟಿಕೆ ಸಕ್ಕರೆ." ಎಲ್ಲ ಅಡುಗೆಯೂ ಆಗಿತ್ತು, ಒಂದು ಉಳಿದಿತ್ತು. ಆ ಪುಟಕ್ಕೆ ಒಂದು ಹನಿ ಅರಿಶಿನವೂ ತಾಗಿರಲಿಲ್ಲ. ಮೇಲೆ ಹೆಸರು ಓದಿದ ಪರ್ಣಾ ಅಸಹ್ಯದಿಂದ ಪುಸ್ತಕ ಮುಚ್ಚಿಟ್ಟಿದ್ದಳು. ಒಣಮೀನು!

ಹಿಮಾದ್ರಿ ಆಮೇಲೆ ಒಮ್ಮೆಯೂ ಮೀನು ಹುರಿಯಲಿಲ್ಲ. ಪರ್ಣಾ ಬಟ್ಟೆ ಒಣಹಾಕಲು ಹೋದಾಗ "ಬನ್ನಿ ಪರ್ಣಾದೇವಿ, ಇವತ್ತು ಬರೀ ಆಲೂಗಡ್ಡೆ, ಧೈರ್ಯವಾಗಿ ಉಸಿರಾಡಿ" ಎಂದು ರೇಗಿಸುತ್ತಿದ್ದ. ಇವಳಿಗೆ ನಗು ಬರುತ್ತಿತ್ತು. ಭಾನುವಾರದ ಅಡುಗೆಯಲ್ಲಿ ಒಂದು ಬಟ್ಟಲು ತಾರಸಿಗೂ ಹೋಗತೊಡಗಿತು. ಬಟ್ಟಲು ತೊಳೆದು ಬರುತ್ತಿತ್ತು, ಜೊತೆಗೆ "ಬಹಳ ಚೆನ್ನಾಗಿತ್ತು" ಎಂಬ ಮಾತು. ಭಾನುವಾರ ಇಷ್ಟು ನಿಧಾನಕ್ಕೆ ಯಾಕೆ ಬರುತ್ತದೆ ಎಂದು ಪರ್ಣಾ ತನಗೆ ತಾನೇ ಗದರಿಕೊಂಡಳು.

ಒಂದು ಸಂಜೆ ಹೋದರೆ ಅವನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಎಲ್ಲಿಗೆ?"

"ಶ್ಯಾಮ್‌ಬಜಾರಿನಲ್ಲಿ ಕೋಣೆ ಸಿಕ್ಕಿದೆ." ಅವನು ತಲೆ ಎತ್ತಲಿಲ್ಲ. "ಅಕ್ಕ ಊರಿಂದ ಒಣಮೀನು ಕಳಿಸಿದ್ಲು. ಪೊಟ್ಟಣ ಬಿಚ್ಚೂ ಇರಲಿಲ್ಲ. ನಿಮ್ಮ ಪಿಶಿಮಾ ಬಂದು ಹೇಳಿದ್ರು, ನಿಮಗೆ ವಾಕರಿಕೆ ಬರುತ್ತಂತೆ, ಕೋಣೆ ಖಾಲಿ ಮಾಡಿಸಿ ಅಂದ್ರಂತೆ. ನೀವೇ ಬಂದು ಹೇಳಬಹುದಿತ್ತು ಪರ್ಣಾ."

ಪರ್ಣಾದೇವಿ ಅನ್ನಲಿಲ್ಲ. ಬರೀ ಪರ್ಣಾ... ಅವಳು ಮೆಟ್ಟಿಲಿಳಿದು ಓಡಿದಳು.

ಕೆಳಗೆ ಪಿಶಿಮಾ ತುಳಸಿಗೆ ನೀರೆರೆಯುತ್ತಿದ್ದಳು. ಕೇಳಿದ್ದಕ್ಕೆ ಆಕೆಗೆ ಒಂದಿಷ್ಟೂ ಅಳುಕಿಲ್ಲ.

"ಹೌದು, ನಿನ್ನ ಹೆಸರಲ್ಲೇ ಹೇಳ್ದೆ. ಸುಳ್ಳೇನು? ನಿನ್ನಮ್ಮನೂ ಬಂದ ಹೊಸದ್ರಲ್ಲಿ ಒಂದು ಪೊಟ್ಟಣ ತಂದಿದ್ಲು. ನಿಮ್ಮ ಕಡೆಯವರಿಗೆ ಮೂಗೇ ಇಲ್ವಾ ಅಂತ ಕೇಳ್ದೆ. ಅಷ್ಟೇ. ಆಮೇಲೆ ಜನ್ಮದಲ್ಲಿ ತರ್ಲಿಲ್ಲ."

ಪರ್ಣಾ ನಿಂತಲ್ಲೇ ನಿಂತಳು. ಅದೇ ಮಾತು. ಅವತ್ತು ತಾರಸಿಯಲ್ಲಿ ತನ್ನ ಬಾಯಿಂದ ಬಂದದ್ದು, ಅಕ್ಷರ ಬದಲಾಗದೆ. ಒಣಮೀನಿನ ನಾತಕ್ಕೂ ಬಾರದ ಹೇಸಿಗೆ ಈಗ ತನ್ನ ನಾಲಿಗೆಯ ಮೇಲೆ ಬಂತು. ಅಮ್ಮನ ಪುಸ್ತಕ ತನ್ನದಾಯಿತು, ಆದರೆ ಮೂಗು ಪಿಶಿಮಾಳದ್ದೇ ಉಳಿಯಿತಲ್ಲ...

ಪುಸ್ತಕ ಹಿಡಿದು ಮತ್ತೆ ಮೆಟ್ಟಿಲು ಹತ್ತಿದಳು.

"ನಾನು ಹೇಳಿಸಿಲ್ಲ. ಆದ್ರೆ ಮೊದಲ ದಿನ ಅಂದಿದ್ದು ನಾನೇ. ತಪ್ಪಾಯ್ತು." ಅವಳು ಆ ಪುಟ ತೆಗೆದು ಅವನ ಮುಂದೆ ಹಿಡಿದಳು. "ಅಮ್ಮ ಈ ಮನೇಲಿ ಇದೊಂದನ್ನ ಮಾಡ್ಲೇ ಇಲ್ಲ. ಹೋಗೋ ಮುಂಚೆ ಕಲಿಸ್ತೀರಾ?"

ಹಿಮಾದ್ರಿ ಆ ಶುಭ್ರವಾದ ಪುಟವನ್ನು ಮೇಲಿಂದ ಕೆಳತನಕ ಓದಿದ. ಆಮೇಲೆ ಅಕ್ಕನ ಪೊಟ್ಟಣ ಬಿಚ್ಚಿದ.

ರಾಮ ರಾಮಾ, ಎಂಥ ನಾತ! ಬಿಸಿನೀರಲ್ಲಿ ತೊಳೆದಷ್ಟೂ ಹೆಚ್ಚಿತು. ಅವಳು ಎರಡು ಸಲ ಹೊರಗೋಡಿ ಗಾಳಿ ಕುಡಿದು ಬಂದಳು. ಬೆಳ್ಳುಳ್ಳಿ ಸುಲಿದಳು, ಈರುಳ್ಳಿ ಹೆಚ್ಚಿದಳು, ಒಣಮೆಣಸು ಅರೆದಳು. ವೇಲು, ಕೂದಲು, ಉಗುರು ಎಲ್ಲ ನಾರಿತು. ಬಾಣಲೆ ಇಳಿಸುವ ಮುಂಚೆ, ಹುಟ್ಟಿನಿಂದ ಬಂದ ಅಭ್ಯಾಸ, ಸಕ್ಕರೆ ಡಬ್ಬಕ್ಕೆ ಕೈ ಹಾಕಿ ಒಂದು ಚಿಟಿಕೆ ಉದುರಿಸಿಬಿಟ್ಟಳು.

ಹಿಮಾದ್ರಿ ಬಾಯಿಗಿಟ್ಟುಕೊಂಡ. ಮುಖ ಕಿವುಚಿದ.

"ಥೂ... ಒಣಮೀನಿಗೆ ಸಕ್ಕರೆನಾ? ಇದು ಅಸಹ್ಯ ಕಣ್ರೀ!"

ಇವಳಿಗೆ ನಗು ಉಕ್ಕಿತು. ಮರುಕ್ಷಣ ಅನುಮಾನವೂ ಬಂತು. "ಹಾಗಾದ್ರೆ ಭಾನುವಾರದ ಬಟ್ಟಲು?"

"ಒಂದೊಂದೂ ಪಾಯಸ."

"ಮತ್ತೆ ಯಾಕೆ ತಿಂದ್ರಿ?"

"ನೀವು ಕಳಿಸಿದ್ರಲ್ಲ." ಅವನ ದನಿ ಇಳಿಯಿತು. "ಅಭ್ಯಾಸ ಮಾಡ್ಕೋತಿದ್ದೆ. ಮುಂದೆ ಬೇಕಾಗಬಹುದು ಅಂತ ಆಸೆ."

ಪರ್ಣಾ ಪುಸ್ತಕದ ಹಾಳೆ ತಿರುವಿದಳು. ಚಿಟಿಕೆ ಸಕ್ಕರೆ, ಚಿಟಿಕೆ ಸಕ್ಕರೆ, ಎಲ್ಲ ಪುಟದಲ್ಲೂ. ಈ ಒಂದು ಪುಟದ ಅಂಚು ಮಾತ್ರ ಖಾಲಿ. ಅಮ್ಮನೂ ಹೀಗೆಯೇ ಅಭ್ಯಾಸ ಮಾಡಿಕೊಂಡಿದ್ದಳು. ಬದುಕಿರುವವರೆಗೆ ಬೇಡದ್ದನ್ನು ನುಂಗುತ್ತ, ಚೆನ್ನಾಗಿದೆ ಎನ್ನುತ್ತ... ಯಾರೂ ಒಂದು ದಿನವೂ ಕೇಳಲಿಲ್ಲ. ಪರ್ಣಾಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು.

ಹಿಮಾದ್ರಿ ಗಾಬರಿಯಾಗಿ ಕಣ್ಣೊರೆಸಲು ಬಂದ. ಅವನ ಬೆರಳಿನ ಅರಿಶಿನ ಪುಟಕ್ಕೆ ತಾಗಿತು.

"ಅಯ್ಯೋ, ಕಲೆ ಆಯ್ತು."

"ಬಿಡಿ, ಒರೆಸಬೇಡಿ. ಇರಲಿ." ಅವಳು ಆ ಕೈಯನ್ನು ಬಿಡಲಿಲ್ಲ. "ನಾಳೆ ಪಿಶಿಮಾಗೆ ನಾನೇ ಹೇಳ್ತೀನಿ, ಕೋಣೆ ಖಾಲಿ ಆಗಲ್ಲ ಅಂತ. ಆದ್ರೆ ನೀವು ಅಭ್ಯಾಸ ಮಾಡ್ಕೊಳ್ಳೋದು ಬೇಡ. ಅಮ್ಮ ನುಂಗಿದ್ದೇ ಸಾಕು. ನಮ್ಮನೇಲಿ ಅಸಹ್ಯ ಆದ್ರೆ ಅಸಹ್ಯ ಅಂತಾನೇ ಹೇಳೋಣ."

"ನಮ್ಮನೇಲಿ?"

ಅವಳು ಮೂಗು ಮುಚ್ಚದೆ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಬಿಗಿಯಾಗಿ ಮುಚ್ಚಿ ನುಂಗಿದಳು.

"ಹೇಗಿದೆ?"

"ಅಸಹ್ಯ" ಎಂದಳು ಪರ್ಣಾ, ಅವನ ಭುಜಕ್ಕೆ ತಲೆಯಾನಿಸಿ. "ಮುಂದಿನ ಭಾನುವಾರ ಸಕ್ಕರೆ ಇಲ್ದೆ ಮಾಡೋಣ."