ಅರ್ಧಕ್ಕೆ ಕಸಿದ ಒಡಪು

"ಬಾಗಲಕ್ಕ ಕಟ್ಟ್ಯಾರ ಹಸರ ಮಾವಿನ ತೋರಣ... ನನ್ನ ನಗೀಗೆ ಇನ್ನ ಮ್ಯಾಲೆ ಮು... ಮು... ಮು..."

ಓಂಕಾರನ ತುಟಿ ಅಲ್ಲೇ ನಿಂತುಬಿಟ್ಟಿತು.

ಕೋಥರೂಡದ ಸೊಸೈಟಿ ಹಾಲ್‌ನಲ್ಲಿ ನಿಶ್ಚಿತಾರ್ಥಕ್ಕೆ ಬಂದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಉಂಗುರ ತೊಡಿಸಿದ ಮೇಲೆ ಹುಡುಗ, ಹುಡುಗಿಯ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಒಡಪು ಹೇಳಲೇಬೇಕು. ಧಾರವಾಡ ಬಿಟ್ಟು ಪುಣೆಗೆ ಬಂದ ಈ ಮಂದಿ ಆ ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಪಕ್ಕದಲ್ಲಿ ನಿಂತಿದ್ದ ಮದುವಣಗಿತ್ತಿ ಮುಕ್ತಾಳ ಕಿವಿ ಬಿಸಿಯಾಯಿತು. 'ಲಗೂನ ಹೇಳಬಾರದೇನು? ಎಲ್ಲಾರೂ ನೋಡ್ಲಿಕತ್ತಾರ!'

ಮರುಕ್ಷಣ ಅವಳೇ ಬಾಯಿ ಹಾಕಿದಳು. "ಮುಕ್ತಾನ ಕಾರಣ! ಇನ್ನ ಮ್ಯಾಲೆ ಇವರ ಮಾತೂ ನಾನ ಆಡ್ತೇನ್ರಿ!"

ಹಾಲ್ ತುಂಬ ನಗು, ಚಪ್ಪಾಳೆ!

"ಅಯ್ಯಯ್ಯ, ಏನ್ ಶಾಣ್ಯಾ ಹುಡುಗಿ!" ಎಂದು ಅವಳ ಸೋದರತ್ತೆ ಲಟಿಕೆ ಮುರಿದಳು.

ಓಂಕಾರನೂ ನಕ್ಕ. ಆದರೆ ಊಟ ಮುಗಿಸಿ ಹೊರಡುವವರೆಗೂ ಅವಳ ಮುಖ ನೋಡಲಿಲ್ಲ.

ನಮ್ಮ ಮುಕ್ತಾ ಜಾಣೆ, ಅದರಲ್ಲಿ ಎರಡು ಮಾತಿಲ್ಲ. ವಿಮಾ ಕಂಪನಿಯೊಂದರಲ್ಲಿ ಅಂಕಿಅಂಶಗಳ ತಜ್ಞೆ. ಮೊದಲ ಭೇಟಿಯಲ್ಲೇ ಓಂಕಾರ "ನನಗ ಮಾತು ತೊದಲತಾವ್ರಿ" ಎಂದಿದ್ದ. ಮನೆಗೆ ಬಂದವಳೇ ತೊದಲಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿದ್ದಳು. ತೊದಲುವವರ ಮಾತನ್ನು ಬೇರೆಯವರು ಮುಗಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪರೀಕ್ಷೆ ಇಟ್ಟಿದ್ದರೆ ಈ ಹುಡುಗಿಗೆ ಪೂರ್ತಿ ಅಂಕ! ಏನು ಬಂತು?

ಓಂಕಾರ ದೂರದ ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಕಾರ್ಮಿಕರ ಅಹವಾಲು ಕೇಳುವ ಅಧಿಕಾರಿ. ವಾರವಿಡೀ ಅಲ್ಲಿದ್ದು ರಜೆಗೆ ಪುಣೆಯ ಅಂಚಿನ ನಿಗಡಿಯ ಮನೆಗೆ ಬರುತ್ತಿದ್ದ. ಕೂಗಾಡುತ್ತ ಬಂದವರೂ ಅವನೆದುರು ಕೂತು ಮೆತ್ತಗಾಗುತ್ತಿದ್ದರಂತೆ. 'ಪಾಪ, ಭಾಳ ಒಳ್ಳೇವ. ಬುದ್ಧಿಗೆ ನಾ ಇದ್ದೇನಲ್ಲ' ಎಂದು ಮುಕ್ತಾ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು.

ನಿಶ್ಚಿತಾರ್ಥದ ನಂತರ ಅವನ ಫೋನಿಲ್ಲ. ಮೆಸೇಜಿಗೆ 'ಕೆಲಸ ಭಾಳ ಅದ' ಎಂಬ ಒಣ ಉತ್ತರ. ಕೊನೆಗೆ ಅವನ ತಾಯಿಯೇ ಫೋನ್ ಮಾಡಿದರು.

"ನಿಮ್ಮಿಬ್ಬರ ನಡುವ ಏನಾತವಾ? ಮದವಿ ತಾರೀಖು ತಗದ್ರ ಎದ್ದು ಹೋಗ್ತಾನ. ಒಡಪು ಹೇಳೂದು ಬ್ಯಾಡೋ ಅಂದ್ರೂ ಕೇಳಿದ್ದಿಲ್ಲ. 'ಆಕಿ ಹೆಸರು ಎಲ್ಲಾರ ಮುಂದ ನಾನ ಹೇಳಬೇಕು' ಅಂತ ಬಚ್ಚಲದಾಗ ನಿಂತು ದಿನಾ ರೂಢಿ ಮಾಡ್ತಿದ್ದ..."

ಮುಕ್ತಾ ಫೋನ್ ಇಟ್ಟವಳೇ ಅಳತೊಡಗಿದಳು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ಅದಕ್ಯಾಕ ಅಳ್ತಿ?" ಸಂಗತಿ ಕೇಳಿದ ಅವಳ ತಾಯಿ ಶಾಮಲಾ ತಲೆ ಸವರಿದಳು. "ನೀ ಅವನ ಮರ್ಯಾದಿ ಉಳಿಸಿದಿ."

"ಇಲ್ಲವ್ವಾ... ನಾ ನನ್ನ ಮರ್ಯಾದಿ ಉಳಿಸಿಕೊಂಡೆ!"

ರಜೆಯ ದಿನ ಅವಳು ನಿಗಡಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಟಿಕೆಟ್ ಕೊಟ್ಟ ಕಂಡಕ್ಟರಿಗೂ ತನ್ನ ತಪ್ಪು ಗೊತ್ತಿದೆಯೇನೋ ಎಂಬಷ್ಟು ನಾಚಿಕೆ!

ಫೋನ್ ಮಾಡಿದ್ದಕ್ಕೆ ಓಂಕಾರ ಕೆಳಗಿಳಿದು ಬಂದ. ಗೇಟಿನ ಬಳಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು.

'ಸಹಾಯ ಮಾಡಬೇಕಂತ ಮಾಡಿದೆ' ಎಂದು ಅವಳು ಒಂದು ಮಾತು ಅಂದರೆ ಸಾಕಿತ್ತು, ಎಲ್ಲವೂ ಸರಿಹೋಗುತ್ತಿತ್ತು. ನಿಜ ಹೇಳಿದರೆ ಈ ಮನುಷ್ಯ ಕೈತಪ್ಪಿ ಹೋಗಬಹುದು...

"ನಾ ಸಹಾಯಕ್ಕಂತ ಬಾಯಿ ಹಾಕಲಿಲ್ರಿ," ಎಂದಳು. "ನಿಮ್ಮ ಬಾಜೂ ನಿಂತದ್ದಕ್ಕ ನನಗ ನಾಚಿಕಿ ಬಂತು. ನಿಮಗಿಂತ ನಾ ಶಾಣ್ಯಾಕಿ ಅನ್ನೂ ಸೊಕ್ಕು ಬ್ಯಾರೆ. ಎಲ್ಲಾರ ಮುಂದ ನಿಮ್ಮನ್ನ ಸಣ್ಣವರನ್ನ ಮಾಡಿದೆ. ತಪ್ಪಾತ್ರಿ..."

"ಗೊ... ಗೊತ್ತದ."

ಅವಳು ಬೆಚ್ಚಿ ನೋಡಿದಳು.

"ಅವತ್ತ ನಿಮ್ಮ ಮಾರಿ ನೋಡಿದೆ. ಮಂದಿ ನಕ್ಕರ ನನಗ ರೂಢಿ ಅದ. ನಿಮ್ಮ ಮಾರಿ ನೋಡಿದ ಮ್ಯಾಲೆ... ಮಾತ ಆಡೂದು ಸಾಕು ಅನ್ನಿಸ್ತು."

ಇಷ್ಟು ದಿನ ಎಲ್ಲ ತಿಳಿದೂ ಅವನು ಯಾರ ಮುಂದೆಯೂ ಅವಳನ್ನು ದೂರಿರಲಿಲ್ಲ.

"ನನಗ ನೀವು..." ಅವನು ಮತ್ತೆ ಬಾಯಿ ತೆರೆದ. "ನನಗ ನೀವು ಬ... ಬ... ಬ..."

ಅವಳ ಚುರುಕು ತಲೆ ತಟ್ಟನೆ ಮಾತು ಮುಗಿಸಿತು. 'ಬ್ಯಾಡ. ನನಗ ನೀವು ಬ್ಯಾಡ.' ಇನ್ನೇನಿರುತ್ತದೆ? ತಾನೇ ಅಂದು, ಎದ್ದು ಹೋಗಿಬಿಡಲೇ? ನಾಲಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು. ಗೇಟಿನಾಚೆ ಬಸ್ಸೊಂದು ಬಂದು, ಜನರನ್ನು ಇಳಿಸಿ, ಹೋಯಿತು. ಅವನ ಕುತ್ತಿಗೆಯ ನರ ಬಿಗಿದಿತ್ತು. ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ, ಕಾದಳು.

"...ಬರಂಗಿಲ್ಲ ಅಂತ ಹೆದರಿಕಿ ಆಗಿತ್ತು."

ಎಷ್ಟೊಂದು ಬುದ್ಧಿವಂತೆ, ಊಹೆ ಪೂರಾ ತಪ್ಪು! ಮುಕ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸುಮ್ಮನೆ ಅವಳ ಕೈ ಹಿಡಿದುಕೊಂಡ.

"ಇನ್ನೂ ಸಿಟ್ಟು ಅದ ಏನ್ರಿ?"

"ಅದ."

"ಭಾಳ?"

"ಭಾಳ. ಪ್ರೀತಿನೂ ಅದ. ಎರಡೂ ಹೇಳ್ಲಿಕ್ಕೆ ನನಗ ಹೊ... ಹೊತ್ತು ಹಿಡೀತದ."

"ಹೇಳ್ರಿ," ಎಂದಳು ಮುಕ್ತಾ, ಕಣ್ಣೊರೆಸಿಕೊಳ್ಳುತ್ತ. "ನಾ ಇಲ್ಲೇ ಕೂತಿರ್ತೇನಿ."